ಬೆಳಕಿನ ಅಂಕಿತ: ಜೀವಕೋಶದ ಸ್ವಭಕ್ಷಣೆಯನ್ನು ಕಾಣಿಸುವ ಪ್ಲಾಸ್ಮಿಡ್

ಮನುಷ್ಯದೇಹದ ಪ್ರತಿಯೊಂದು ಜೀವಕೋಶವೂ ಕಟ್ಟುವ ಮತ್ತು ಕಳಚುವ ಎರಡು ಕಾರ್ಯಗಳನ್ನು ಒಟ್ಟಿಗೆ ನಡೆಸುತ್ತಿರುತ್ತದೆ. ಕಟ್ಟುವ ಕಾರ್ಯವನ್ನು ಕುರಿತು ಶಾಲೆಯ ಪಠ್ಯಪುಸ್ತಕಗಳಲ್ಲಿಯೂ ವಿವರಣೆ ದೊರೆಯುತ್ತದೆ. ಕಳಚುವ ಕಾರ್ಯವಾದರೋ ಬಹುಕಾಲ ವಿಜ್ಞಾನಿಗಳ ಲಕ್ಷ್ಯಕ್ಕೂ ಅಷ್ಟಾಗಿ ಬಿದ್ದಿರಲಿಲ್ಲ. ಹಳೆಯದಾದ ಪ್ರೋಟೀನುಗಳು, ಕೆಟ್ಟುಹೋದ ಮೈಟೋಕಾಂಡ್ರಿಯಗಳು, ಒಳನುಗ್ಗಿದ ಸೂಕ್ಷ್ಮಜೀವಿಗಳು ಮೊದಲಾದವನ್ನು ಜೀವಕೋಶವು ತನ್ನೊಳಗೇ ಸುತ್ತಿಕಟ್ಟಿ, ಜೀರ್ಣಿಸಿ, ದೊರೆತ ಸಾಮಗ್ರಿಯನ್ನು ಮತ್ತೆ ಬಳಸಿಕೊಳ್ಳುತ್ತದೆ. ಈ ಕ್ರಿಯೆಗೆ ‘ಆಟೋಫೇಜಿ’ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ‘ಆಟೋ’ ಎಂದರೆ ತಾನು, ‘ಫೇಜಿನ್’ ಎಂದರೆ ತಿನ್ನುವುದು. ಆದುದರಿಂದ ಇದನ್ನು ಕನ್ನಡದಲ್ಲಿ ‘ಸ್ವಭಕ್ಷಣೆ’ ಎನ್ನಬಹುದು. ೧೯೫೫ರಲ್ಲಿ ಲೈಸೋಸೋಮು ಎಂಬ ಜೀರ್ಣಾಂಗವನ್ನು ಜೀವಕೋಶದಲ್ಲಿ ಗುರುತಿಸಿದ ಬೆಲ್ಜಿಯಂ ದೇಶದ ವಿಜ್ಞಾನಿ ಕ್ರಿಶ್ಚಿಯನ್ ಡಿ ಡ್ಯೂವ್ ಅವರೇ ೧೯೬೩ರಲ್ಲಿ ಈ ಪದವನ್ನು ಟಂಕಿಸಿದರು.

ಹೆಸರು ಭಯಂಕರವಾಗಿ ತೋರಿದರೂ ಕ್ರಿಯೆ ಪೋಷಕವಾದುದು. ಮೊದಲು ಕೋಶರಸದಲ್ಲಿ ಬಟ್ಟಲಿನಾಕಾರದ ತೆಳುಪೊರೆಯೊಂದು ಹುಟ್ಟುತ್ತದೆ. ಅದು ಬೆಳೆದು, ಬಾಗಿ, ತ್ಯಾಜ್ಯವನ್ನು ಒಳಗೊಂಡು ಬಾಯಿ ಮುಚ್ಚಿಕೊಳ್ಳುತ್ತದೆ. ಹೀಗೆ ಎರಡು ಪದರಗಳ ಪೊರೆಯುಳ್ಳ ಪುಟ್ಟ ಚೀಲವಾಗುತ್ತದೆ. ಇದಕ್ಕೆ ಆಟೋಫೇಗೋಸೋಮು ಎನ್ನುತ್ತಾರೆ. ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು ಅಡ್ಡಳತೆಯ ಈ ಚೀಲವು ಲೈಸೋಸೋಮಿನೊಡನೆ ಕೂಡಿಕೊಂಡಾಗ ಅಲ್ಲಿನ ಆಮ್ಲೀಯ ರಸದಲ್ಲಿ, ಕಿಣ್ವಗಳ ಬಲದಿಂದ, ಒಳಗಿನ ಪದಾರ್ಥವೆಲ್ಲ ಕರಗಿಹೋಗುತ್ತದೆ. ಅದರಿಂದ ಬಂದ ಅಮೈನೋ ಆಮ್ಲಗಳು ಹೊಸ ಪ್ರೋಟೀನುಗಳಿಗೆ ಮೂಲದ್ರವ್ಯವಾಗುತ್ತವೆ. ಹೊರಗಿನಿಂದ ಆಹಾರ ಬಾರದಿರುವಾಗ ಈ ಕಾರ್ಯ ಚುರುಕಾಗುತ್ತದೆ. ಹುಟ್ಟಿದೊಡನೆ ತಾಯಿಯ ಕರುಳಬಳ್ಳಿಯ ಆಹಾರ ನಿಂತು, ಹಾಲು ಇನ್ನೂ ದೊರೆಯದಿರುವ ಅಲ್ಪಾವಧಿಯಲ್ಲಿ ಇಲಿಮರಿಗಳನ್ನು ಉಳಿಸುವುದು ಸ್ವಭಕ್ಷಣೆಯೇ ಎಂದು ಜಪಾನಿನ ಸಂಶೋಧಕರು ೨೦೦೪ರಲ್ಲಿ ತೋರಿಸಿದರು. ಈ ಶಕ್ತಿಯನ್ನು ಕಳೆದುಕೊಂಡು ಹುಟ್ಟಿದ ಮರಿಗಳು ಒಂದು ದಿನದೊಳಗೆ ಸತ್ತವು.

ಇಷ್ಟು ಮುಖ್ಯವಾದ ಕ್ರಿಯೆ ಹಲವು ದಶಕಗಳವರೆಗೆ ಅಸ್ಪಷ್ಟವಾಗಿಯೇ ಉಳಿಯಲು ಒಂದು ಕಾರಣವಿತ್ತು. ಆಟೋಫೇಗೋಸೋಮು ಹುಟ್ಟಿ ಕೆಲವೇ ನಿಮಿಷಗಳಲ್ಲಿ ಲಯವಾಗುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದನ್ನು ನೋಡಬೇಕಾದರೆ ಜೀವಕೋಶವನ್ನು ಕೊಂದು, ಗಟ್ಟಿಮಾಡಿ, ಅತಿ ತೆಳುವಾಗಿ ಕತ್ತರಿಸಬೇಕು. ಹೀಗೆ ದೊರೆಯುವುದು ಸತ್ತ ಕೋಶದ ಒಂದು ಕ್ಷಣದ ಚಿತ್ರ ಮಾತ್ರ. ಕಾಣುತ್ತಿರುವ ಚೀಲ ಸ್ವಭಕ್ಷಣೆಯದೋ ಬೇರೊಂದರದೋ ಎಂದು ಹೇಳುವ ಗುರುತೂ ಇರಲಿಲ್ಲ. ಆ ಗುರುತನ್ನು ಒದಗಿಸಿದ್ದು ಒಂದು ಚಿಕ್ಕ ಪ್ರೋಟೀನು ಮತ್ತು ಅದನ್ನು ಹೊತ್ತು ತರುವ ಪ್ಲಾಸ್ಮಿಡ್ ಎಂಬ ಡಿ.ಎನ್.ಎ. ಉಂಗುರ.

ಆ ಪ್ರೋಟೀನಿನ ಶೋಧ ಯೀಸ್ಟಿನಿಂದ, ಅಂದರೆ ಹಿಟ್ಟನ್ನು ಹುದುಗಿಸುವ ಏಕಕೋಶ ಶಿಲೀಂಧ್ರದಿಂದ, ಆರಂಭವಾಯಿತು. ಜಪಾನಿನ ಯೋಶಿನೋರಿ ಓಸುಮಿ ಅವರು ೧೯೮೮ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಸ್ವಂತ ಪ್ರಯೋಗಾಲಯವನ್ನು ಆರಂಭಿಸಿದಾಗ ಯೀಸ್ಟಿನ ರಸದಾನಿಯನ್ನು ಅಧ್ಯಯನಕ್ಕೆ ಆರಿಸಿಕೊಂಡರು. ಮನುಷ್ಯನ ಕೋಶದಲ್ಲಿ ಲೈಸೋಸೋಮು ಮಾಡುವ ಕೆಲಸವನ್ನೇ ಯೀಸ್ಟಿನಲ್ಲಿ ರಸದಾನಿ ಮಾಡುತ್ತದೆ. ಜೀರ್ಣಕಿಣ್ವಗಳಿಲ್ಲದ ಯೀಸ್ಟನ್ನು ಅವರು ಉಪವಾಸ ಕೆಡವಿದರು. ಒಳಗೆ ಬಂದ ಪದಾರ್ಥ ಕರಗಲಾರದೆ ಹೋದುದರಿಂದ ರಸದಾನಿಯ ತುಂಬ ಸಣ್ಣ ಚೀಲಗಳು ಶೇಖರವಾಗಿ, ಸಾಧಾರಣ ಸೂಕ್ಷ್ಮದರ್ಶಕಕ್ಕೇ ಕಾಣಿಸಿಕೊಂಡವು. ೧೯೯೨ರಲ್ಲಿ ಈ ವೀಕ್ಷಣೆ ಪ್ರಕಟವಾಯಿತು. ಮರುವರ್ಷ ಸ್ವಭಕ್ಷಣೆಗೆ ಅವಶ್ಯಕವಾದ ೧೫ ವಂಶವಾಹಿಗಳನ್ನು ಸೂಚಿಸುವ ಯೀಸ್ಟ್ ತಳಿಗಳನ್ನು ಅವರ ತಂಡ ಬೇರ್ಪಡಿಸಿತು. ಈ ಕಾರ್ಯಕ್ಕಾಗಿ ೨೦೧೬ರ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕ ಓಸುಮಿ ಅವರೊಬ್ಬರಿಗೇ ದೊರೆಯಿತು.

ಯೀಸ್ಟಿನ ಈ ವಂಶವಾಹಿಗಳಲ್ಲಿ ಎಂಟನೆಯ ಸಂಖ್ಯೆಯದು ವಿಶೇಷವಾದುದು. ಅದರ ಪ್ರೋಟೀನು ಹುಟ್ಟುತ್ತಿರುವ ಪೊರೆಗೆ ಅಂಟಿಕೊಳ್ಳುತ್ತದೆ. ಮನುಷ್ಯ ಮೊದಲಾದ ಸಸ್ತನಿಗಳಲ್ಲಿ ಇದಕ್ಕೆ ಸಮಾನವಾದ ಪ್ರೋಟೀನು ‘ಎಲ್‌ಸಿ-೩’. ಈ ಹೆಸರಿಗೂ ಸ್ವಭಕ್ಷಣೆಗೂ ಯಾವ ಸಂಬಂಧವೂ ಇಲ್ಲ. ಕೋಶದೊಳಗಿನ ಸೂಕ್ಷ್ಮನಾಳಗಳ ಜೊತೆಯಲ್ಲಿ ದೊರೆತ ಪ್ರೋಟೀನುಗಳ ‘ಮೂರನೆಯ ಹಗುರ ಸರಪಳಿ’ ಎಂಬುದಷ್ಟೇ ಅದರ ಅರ್ಥ. ಅದರ ನಿಜವಾದ ಉದ್ಯೋಗವೇನೆಂಬುದು ೨೦೦೦ದಲ್ಲಿ ತಮೋತ್ಸು ಯೋಶಿಮೋರಿ, ನೊಬೊರು ಮಿಜುಶಿಮಾ ಮೊದಲಾದ ಜಪಾನಿನ ವಿದ್ವಾಂಸರ ಪ್ರಬಂಧದಿಂದ ತಿಳಿದುಬಂದಿತು. ಹೆಸರು ಮಾತ್ರ ಹಳೆಯದೇ ಉಳಿಯಿತು.

ಎಲ್‌ಸಿ-೩ರ ಒಂದು ರೂಪ ಮನುಷ್ಯನಲ್ಲಿ ೧೨೫ ಅಮೈನೋ ಆಮ್ಲಗಳ ಸರಣಿ. ಅದು ತಯಾರಾದ ಒಡನೆಯೇ ಕೋಶದ ಒಂದು ಕಿಣ್ವ ಬಂದು ಕೊನೆಯ ಐದನ್ನು ಕತ್ತರಿಸಿಹಾಕುತ್ತದೆ. ಆಗ ೧೨೦ನೆಯ ಸ್ಥಾನದ ಗ್ಲೈಸೀನ್ ಎಂಬ ಅಮೈನೋ ಆಮ್ಲವು ಸರಣಿಯ ತುದಿಯಾಗುತ್ತದೆ. ಸಂಧಿಕಾರ್ಯದಲ್ಲಿ ಪೂರ್ವಪದದ ಅಂತ್ಯಸ್ವರ ಲೋಪವಾದ ಮೇಲೆಯೇ ಉತ್ತರಪದ ಬಂದು ಸೇರುವಂತೆ, ಈ ಲೋಪವಾದ ಮೇಲೆಯೇ ಗ್ಲೈಸೀನ್ ತುದಿಗೆ ಪೊರೆಯ ಕೊಬ್ಬಿನ ಅಣುವೊಂದು ಬೆಸೆದುಕೊಳ್ಳುತ್ತದೆ. ಕೊಬ್ಬು ಸೇರದ ಎಲ್‌ಸಿ-೩ ಕೋಶದಲ್ಲೆಲ್ಲ ಚದುರಿ ತೇಲುತ್ತಿರುತ್ತದೆ. ಕೊಬ್ಬು ಸೇರಿದ್ದು ಆಟೋಫೇಗೋಸೋಮಿನ ಪೊರೆಯ ಮೇಲೆ ಕುಳಿತುಕೊಳ್ಳುತ್ತದೆ. ಆದುದರಿಂದ ಎಲ್‌ಸಿ-೩ ಎಲ್ಲಿದೆಯೆಂದು ಕಂಡರೆ ಸ್ವಭಕ್ಷಣೆಯ ಚೀಲಗಳು ಎಲ್ಲಿವೆಯೆಂದು ತಿಳಿಯಬಹುದು. ಆದರೆ ಪ್ರೋಟೀನಿಗೆ ತನ್ನದೇ ಆದ ಬಣ್ಣವಿಲ್ಲ. ಅದನ್ನು ಕಾಣುವುದು ಹೇಗೆ?

ಉತ್ತರ ಸಮುದ್ರದಿಂದ ಬಂದಿತು. ಅಮೆರಿಕೆಯ ಪಶ್ಚಿಮ ತೀರದಲ್ಲಿ ಸಿಕ್ಕುವ ಒಂದು ಬಗೆಯ ಲೋಳೆಮೀನಿನಲ್ಲಿ ಹಸಿರು ಬೆಳಕನ್ನು ಬೀರುವ ಪ್ರೋಟೀನು ಇದೆಯೆಂದು ಒಸಾಮು ಶಿಮೊಮುರಾ ಅವರು ೧೯೬೨ರಲ್ಲಿ ವರದಿ ಮಾಡಿದ್ದರು. ಡಗ್ಲಸ್ ಪ್ರಾಷರ್ ಅವರು ೧೯೯೨ರಲ್ಲಿ ಅದರ ವಂಶವಾಹಿಯನ್ನು ಬೇರ್ಪಡಿಸಿದರು. ಲೋಳೆಮೀನಿನ ಬೇರಾವ ಸಹಾಯವೂ ಇಲ್ಲದೆ ಇತರ ಜೀವಿಗಳ ಕೋಶದಲ್ಲಿಯೂ ಅದು ಬೆಳಗಬಲ್ಲದೆಂದು ಮಾರ್ಟಿನ್ ಚಾಲ್ಫಿ ಅವರು ೧೯೯೪ರಲ್ಲಿ ತೋರಿಸಿದರು. ರೋಜರ್ ಚಿಯೆನ್ ಅವರು ಅದರ ರಚನೆಯಲ್ಲಿ ಸಣ್ಣ ಬದಲಾವಣೆಗಳನ್ನು ಮಾಡಿ ಬೆಳಕನ್ನು ಹೆಚ್ಚಿಸಿದರು, ಬೇರೆ ಬೇರೆ ಬಣ್ಣಗಳನ್ನೂ ಪಡೆದರು. ಶಿಮೊಮುರಾ, ಚಾಲ್ಫಿ, ಚಿಯೆನ್ ಮೂವರಿಗೂ ೨೦೦೮ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ನೀಲಿ ಬೆಳಕು ಬಿದ್ದಾಗ ಹಸಿರಾಗಿ ಹೊಳೆಯುವ ಈ ಪ್ರೋಟೀನನ್ನು ಎಲ್‌ಸಿ-೩ಕ್ಕೆ ಜೋಡಿಸಿದರೆ, ಎಲ್‌ಸಿ-೩ ಹೋದೆಡೆಯಲ್ಲೆಲ್ಲ ಬೆಳಕೂ ಹೋಗುತ್ತದೆ. ಹೀಗೆ ಜೋಡಿಸಿದ ಗುರುತನ್ನು ಇಲ್ಲಿ ‘ಅಂಕಿತ’ವೆಂದು ಕರೆಯಬಹುದು.

ಅಂಕಿತಸಹಿತವಾದ ಪ್ರೋಟೀನನ್ನು ಹೊರಗೆ ತಯಾರಿಸಿ ಕೋಶದೊಳಗೆ ತುಂಬುವುದಿಲ್ಲ. ಅದನ್ನು ತಯಾರಿಸುವ ಆದೇಶವನ್ನು ಮಾತ್ರ ಕೋಶಕ್ಕೆ ಕೊಡಲಾಗುತ್ತದೆ. ಆ ಆದೇಶಪತ್ರವೇ ಪ್ಲಾಸ್ಮಿಡ್. ಬ್ಯಾಕ್ಟೀರಿಯಗಳಲ್ಲಿ ಮುಖ್ಯ ವರ್ಣತಂತುವಿನಿಂದ ಪ್ರತ್ಯೇಕವಾಗಿರುವ ಡಿ.ಎನ್.ಎ.ಗೆ ಜೋಶುವಾ ಲೆಡರ್‌ಬರ್ಗ್ ಅವರು ೧೯೫೨ರಲ್ಲಿ ಈ ಹೆಸರನ್ನಿಟ್ಟರು. ಸ್ವಭಕ್ಷಣೆಯ ಅಧ್ಯಯನಕ್ಕೆ ಬಳಸುವ ಪ್ಲಾಸ್ಮಿಡ್ ಐದು ಸಾವಿರದಷ್ಟು ಅಕ್ಷರಜೋಡಿಗಳ ಉಂಗುರ. ಅದರಲ್ಲಿ ಒಂದೊಂದು ಭಾಗಕ್ಕೂ ಒಂದೊಂದು ಕರ್ತವ್ಯವಿದೆ. ಮೊದಲನೆಯದು, ಬ್ಯಾಕ್ಟೀರಿಯದೊಳಗೆ ಈ ಉಂಗುರ ಪ್ರತಿಯಾಗಲು ಬೇಕಾದ ಆರಂಭಸ್ಥಾನ. ಎರಡನೆಯದು, ಕ್ಯಾನಮೈಸಿನ್ ಎಂಬ ಔಷಧವನ್ನು ತಡೆದುಕೊಳ್ಳುವ ಶಕ್ತಿಯನ್ನು ಕೊಡುವ ವಂಶವಾಹಿ. ಆ ಔಷಧ ಬೆರೆತ ಆಹಾರದಲ್ಲಿ ಪ್ಲಾಸ್ಮಿಡ್ ಇರುವ ಬ್ಯಾಕ್ಟೀರಿಯಗಳು ಮಾತ್ರ ಉಳಿಯುತ್ತವೆ. ಮೂರನೆಯದು, ಸೈಟೋಮೆಗಲೋ ಎಂಬ ವೈರಸ್ಸಿನಿಂದ ತೆಗೆದುಕೊಂಡ ಪ್ರಚೋದಕ ಭಾಗ. ಮನುಷ್ಯನ ಕೋಶಕ್ಕೆ ‘ಇಲ್ಲಿಂದ ಓದು’ ಎಂದು ಬಲವಾಗಿ ಹೇಳುವುದು ಇದೇ. ನಾಲ್ಕನೆಯದು, ಹಸಿರು ಪ್ರೋಟೀನಿನ ಪಾಠ ಮತ್ತು ಅದಕ್ಕೆ ಹೊಂದಿಕೊಂಡು ನಡುವೆ ನಿಲುಗಡೆಯಿಲ್ಲದೆ ಮುಂದುವರಿಯುವ ಎಲ್‌ಸಿ-೩ರ ಪಾಠ. ಐದನೆಯದು, ಓದುವಿಕೆ ಮುಗಿಯಿತೆಂದು ಸೂಚಿಸುವ ಸಮಾಪ್ತಿಯ ಭಾಗ.

ಪ್ಲಾಸ್ಮಿಡ್ಡನ್ನು ಮೊದಲು ಬ್ಯಾಕ್ಟೀರಿಯಗಳಿಗೆ ಸೇರಿಸಿ ಬೆಳೆಸುತ್ತಾರೆ. ರಾತ್ರಿ ಕಳೆಯುವಷ್ಟರಲ್ಲಿ ಆ ಬ್ಯಾಕ್ಟೀರಿಯಗಳು ಅದರ ಅಸಂಖ್ಯಾತ ಪ್ರತಿಗಳನ್ನು ಮಾಡಿಕೊಡುತ್ತವೆ. ಅವನ್ನು ಶುದ್ಧೀಕರಿಸಿ, ಕೊಬ್ಬಿನ ಸೂಕ್ಷ್ಮ ಹನಿಗಳಲ್ಲಿ ಹೊದಿಸಿ, ಗಾಜಿನ ತಟ್ಟೆಯಲ್ಲಿ ಬೆಳೆಯುತ್ತಿರುವ ಮನುಷ್ಯನ ಕೋಶಗಳ ಮೇಲೆ ಹಾಕುತ್ತಾರೆ. ಒಂದೆರಡು ದಿನಗಳಲ್ಲಿ ಕೆಲವು ಕೋಶಗಳು ಹಸಿರಾಗಿ ಬೆಳಗತೊಡಗುತ್ತವೆ. ಪೋಷಕಾಂಶಗಳು ಸಮೃದ್ಧವಾಗಿರುವಾಗ ಬೆಳಕು ಕೋಶದಲ್ಲೆಲ್ಲ ಮಂಜಿನಂತೆ ಹರಡಿರುತ್ತದೆ. ಅಮೈನೋ ಆಮ್ಲಗಳಿಲ್ಲದ ದ್ರವದಲ್ಲಿ ಕೋಶಗಳನ್ನು ಕೆಲವು ಗಂಟೆ ಇರಿಸಿದರೆ ಆ ಮಂಜು ಅಲ್ಲಲ್ಲಿ ಕೂಡಿಕೊಂಡು ಹಸಿರು ಚುಕ್ಕೆಗಳಾಗುತ್ತದೆ. ಒಂದೊಂದು ಚುಕ್ಕೆಯೂ ಸ್ವಭಕ್ಷಣೆಯ ಒಂದೊಂದು ಚೀಲ. ಜೀವಂತ ಕೋಶದಲ್ಲಿ ಅವು ಹುಟ್ಟುವುದನ್ನೂ ಚಲಿಸುವುದನ್ನೂ ಕಣ್ಣಾರೆ ನೋಡಬಹುದು.

ಇಲ್ಲಿ ಅಂಕಿತದ ಸ್ಥಾನದ ಪ್ರಶ್ನೆ ಏಳುತ್ತದೆ. ವಚನದಲ್ಲಿ ಅಂಕಿತ ಕೊನೆಗೆ ಬರುವುದು ವಾಡಿಕೆ. ಪ್ರೋಟೀನಿಗಾದರೂ ಅಂಕಿತವನ್ನು ಮೊದಲಿಗೂ ಇಡಬಹುದು, ಕೊನೆಗೂ ಇಡಬಹುದು. ಎಷ್ಟೋ ಪ್ರೋಟೀನುಗಳಲ್ಲಿ ಇದರಿಂದ ಹೆಚ್ಚು ವ್ಯತ್ಯಾಸವಾಗುವುದಿಲ್ಲ. ಎಲ್‌ಸಿ-೩ರ ವಿಷಯ ಹಾಗಲ್ಲ. ಅದರ ಕೊನೆಯ ಭಾಗವನ್ನು ಕೋಶ ತಾನಾಗಿಯೇ ಕತ್ತರಿಸಿಹಾಕುತ್ತದೆಂದು ಮೇಲೆ ಹೇಳಿದೆಯಷ್ಟೆ. ಅಂಕಿತವನ್ನು ಕೊನೆಗಿಟ್ಟರೆ ಕತ್ತರಿಸಿದ ಚೂರಿನೊಡನೆ ಅದೂ ಕಳಚಿಹೋಗುತ್ತದೆ. ಓಲೆಯ ತುದಿ ಮುರಿದು ಅಂಕಿತ ಹೋದ ವಚನದಂತೆ, ಎಲ್‌ಸಿ-೩ ಗುರುತಿಲ್ಲದೆ ಪೊರೆಯನ್ನು ಸೇರುತ್ತದೆ; ಬೆಳಕು ಒಡೆಯನಿಲ್ಲದೆ ಕೋಶದಲ್ಲಿ ಅಲೆಯುತ್ತದೆ. ಆದುದರಿಂದಲೇ ಈ ಪ್ಲಾಸ್ಮಿಡ್ಡಿನಲ್ಲಿ ಹಸಿರು ಪ್ರೋಟೀನು ಯಾವಾಗಲೂ ಆದಿಯಲ್ಲಿ, ಎಲ್‌ಸಿ-೩ ಅದರ ಅನಂತರ. ಅಂಕಿತವು ಸುಮಾರು ೨೪೦ ಅಮೈನೋ ಆಮ್ಲಗಳದು, ಅಂಕಿತಗೊಂಡದ್ದು ೧೨೫ರದು. ಹೆಸರಿಗಿಂತ ಹೆಸರಿನ ಪಟ್ಟಿಯೇ ದೊಡ್ಡದು! ಆದರೂ ಸ್ಥಾನ ಸರಿಯಾಗಿರುವುದರಿಂದ ಎಲ್‌ಸಿ-೩ ತನ್ನ ಕೆಲಸವನ್ನು ನಡೆಸಿಕೊಂಡು ಹೋಗುತ್ತದೆ.

ಅಂಕಿತ ಸರಿಯಾದ ಸ್ಥಾನದಲ್ಲಿದ್ದ ಮಾತ್ರಕ್ಕೆ ಅದರ ಸಾಕ್ಷ್ಯವನ್ನು ಪರಿಶೀಲಿಸದೆ ಒಪ್ಪಬಹುದೆಂದು ಭಾವಿಸಬಾರದು. ಅಂಕಿತವೊಂದು ಕಂಡೊಡನೆ ವಚನ ಆ ವಚನಕಾರನದೇ ಎಂದು ಗ್ರಂಥಸಂಪಾದಕರು ನಿರ್ಣಯಿಸುವುದಿಲ್ಲ. ಪ್ರಕ್ಷಿಪ್ತಗಳಿರುವುದನ್ನು ಅವರು ಬಲ್ಲರು. ಹಸಿರು ಚುಕ್ಕೆಗಳಲ್ಲಿಯೂ ಪ್ರಕ್ಷಿಪ್ತಗಳುಂಟು. ವೈರಸ್ಸಿನ ಪ್ರಚೋದಕ ಭಾಗ ಬಹು ಬಲವಾದುದಾದುದರಿಂದ ಕೆಲವು ಕೋಶಗಳಲ್ಲಿ ಎಲ್‌ಸಿ-೩ ಮಿತಿಮೀರಿ ತಯಾರಾಗಿ, ತನ್ನಷ್ಟಕ್ಕೆ ತಾನೇ ಗಂಟುಗಟ್ಟಿಕೊಳ್ಳುತ್ತದೆ. ಆ ಗಂಟುಗಳೂ ಚುಕ್ಕೆಗಳಂತೆಯೇ ಹೊಳೆಯುತ್ತವೆ. ಸ್ವಭಕ್ಷಣೆಗೂ ಅವಕ್ಕೂ ಸಂಬಂಧವಿರುವುದಿಲ್ಲ. ಇದನ್ನು ಪರೀಕ್ಷಿಸಲು ಇನ್ನೊಂದು ಪ್ಲಾಸ್ಮಿಡ್ಡನ್ನು ಜೊತೆಗಿಟ್ಟುಕೊಳ್ಳುತ್ತಾರೆ. ಅದರಲ್ಲಿ ೧೨೦ನೆಯ ಗ್ಲೈಸೀನಿಗೆ ಬದಲಾಗಿ ಅಲನೀನ್ ಎಂಬ ಬೇರೆ ಅಮೈನೋ ಆಮ್ಲವಿರುತ್ತದೆ. ಈ ಒಂದು ವ್ಯತ್ಯಾಸದಿಂದ ಕೊಬ್ಬು ಬೆಸೆಯುವುದಿಲ್ಲ, ಎಲ್‌ಸಿ-೩ ಪೊರೆಯನ್ನು ಸೇರುವುದಿಲ್ಲ. ಇಂತಹ ಪ್ಲಾಸ್ಮಿಡ್ಡಿನಲ್ಲಿಯೂ ಚುಕ್ಕೆಗಳು ಕಂಡರೆ ಅವು ಹುಸಿ ಚುಕ್ಕೆಗಳೆಂದು ತಿಳಿಯಬೇಕು.

ಎರಡನೆಯ ತೊಡಕು ಇನ್ನೂ ಸೂಕ್ಷ್ಮವಾದುದು. ಚುಕ್ಕೆಗಳೆಲ್ಲ ನಿಜವಾದುವೇ ಎಂದಿಟ್ಟುಕೊಂಡರೂ, ಅವುಗಳ ಸಂಖ್ಯೆ ಹೆಚ್ಚಿದರೆ ಸ್ವಭಕ್ಷಣೆ ಹೆಚ್ಚಿತೆಂದು ಅರ್ಥವೇ? ಕೆರೆಯ ನೀರಿನ ಮಟ್ಟ ಏರಿದುದನ್ನು ಕಂಡವನು ಮಳೆ ಚೆನ್ನಾಗಿ ಬಂದಿದೆಯೆಂದು ಹೇಳಬಹುದು. ತೂಬನ್ನು ಮುಚ್ಚಿರುವುದರಿಂದಲೂ ಮಟ್ಟ ಏರಿರಬಹುದಲ್ಲವೇ? ಚೀಲಗಳು ಹೆಚ್ಚಾಗಿ ಹುಟ್ಟಿದರೂ ಚುಕ್ಕೆಗಳು ಹೆಚ್ಚುತ್ತವೆ. ಹುಟ್ಟಿದ ಚೀಲಗಳು ಲೈಸೋಸೋಮಿನಲ್ಲಿ ಕರಗದೆ ಉಳಿದರೂ ಹೆಚ್ಚುತ್ತವೆ. ಮೊದಲನೆಯದು ಸ್ವಭಕ್ಷಣೆಯ ವೃದ್ಧಿ, ಎರಡನೆಯದು ಅದರ ಸ್ತಂಭನ. ಮಲೇರಿಯಾ ಔಷಧವೆಂದು ಎಲ್ಲರಿಗೂ ಪರಿಚಿತವಾದ ಕ್ಲೋರೋಕ್ವಿನ್ ಲೈಸೋಸೋಮಿನ ಕಾರ್ಯವನ್ನು ತಡೆಯುತ್ತದೆ. ಅದನ್ನು ಕೋಶಗಳಿಗೆ ಹಾಕಿದಾಗ ಚುಕ್ಕೆಗಳು ಯಥೇಚ್ಛವಾಗಿ ಕಾಣಿಸಿಕೊಳ್ಳುತ್ತವೆ. ಆದರೆ ಅಲ್ಲಿ ನಡೆದಿರುವುದು ಸ್ವಭಕ್ಷಣೆಗೆ ಅಡ್ಡಿ. ಒಂದೇ ಚಿತ್ರ, ಎರಡು ವಿರುದ್ಧ ಅರ್ಥಗಳು.

ಇದರ ಪರಿಹಾರವೂ ತೂಬಿನ ಉಪಾಯವೇ. ಪರೀಕ್ಷಿಸಬೇಕಾದ ಔಷಧವನ್ನು ಹಾಕಿದ ಕೋಶಗಳಲ್ಲಿ ಒಂದು ಭಾಗಕ್ಕೆ ಲೈಸೋಸೋಮನ್ನು ಪೂರ್ತಿಯಾಗಿ ತಡೆಯುವ ಬಫಿಲೋಮೈಸಿನ್‌ನಂತಹ ದ್ರವ್ಯವನ್ನೂ ಸೇರಿಸುತ್ತಾರೆ. ತೂಬು ಮುಚ್ಚಿದ ಮೇಲೆ ಚುಕ್ಕೆಗಳು ಇನ್ನೂ ಏರಿದರೆ, ಮೊದಲು ನೀರು ಹರಿಯುತ್ತಿತ್ತೆಂದು, ಅಂದರೆ ಸ್ವಭಕ್ಷಣೆ ನಡೆಯುತ್ತಿತ್ತೆಂದು ಸಿದ್ಧವಾಗುತ್ತದೆ. ಏರದಿದ್ದರೆ ತೂಬು ಮೊದಲೇ ಮುಚ್ಚಿತ್ತೆಂದು ಶಂಕಿಸಬೇಕಾಗುತ್ತದೆ. ೨೦೦೭ರಲ್ಲಿ ಯೋಶಿಮೋರಿ ಅವರ ತಂಡ ಇನ್ನೊಂದು ಉಪಾಯವನ್ನು ಪ್ರಕಟಿಸಿತು. ಅವರು ಎಲ್‌ಸಿ-೩ಕ್ಕೆ ಒಂದರ ಬದಲು ಎರಡು ಅಂಕಿತಗಳನ್ನು, ಕೆಂಪು ಮತ್ತು ಹಸಿರನ್ನು, ಒಟ್ಟಿಗೆ ಇಟ್ಟರು. ಹಸಿರು ಪ್ರೋಟೀನು ಆಮ್ಲದಲ್ಲಿ ನಂದಿಹೋಗುತ್ತದೆ. ಕೆಂಪು ಪ್ರೋಟೀನು ಅದನ್ನು ತಾಳಿಕೊಳ್ಳುತ್ತದೆ. ಲೈಸೋಸೋಮನ್ನು ಇನ್ನೂ ಸೇರದ ಚೀಲದಲ್ಲಿ ಎರಡೂ ಬಣ್ಣಗಳು ಕೂಡಿ ಹಳದಿಯಾಗಿ ಕಾಣುತ್ತವೆ. ಸೇರಿದ ಮೇಲೆ ಕೆಂಪು ಮಾತ್ರ ಉಳಿಯುತ್ತದೆ. ಹಳದಿ ಕೆಂಪಾಗುತ್ತಿದ್ದರೆ ಪ್ರವಾಹ ಸಾಗುತ್ತಿದೆ; ಹಳದಿಯೇ ರಾಶಿಯಾಗಿದ್ದರೆ ಅದು ತಡೆದು ನಿಂತಿದೆ.

ಈ ವಿವೇಚನೆ ಕೇವಲ ಪ್ರಯೋಗಶಾಲೆಯ ಪಾಂಡಿತ್ಯವಲ್ಲ. ಮೆದುಳಿನ ನರಕೋಶಗಳಲ್ಲಿ ಕೆಟ್ಟ ಪ್ರೋಟೀನುಗಳು ಶೇಖರವಾಗುವ ಪಾರ್ಕಿನ್ಸನ್, ಹಂಟಿಂಗ್ಟನ್ ಮೊದಲಾದ ರೋಗಗಳಲ್ಲಿ ಸ್ವಭಕ್ಷಣೆಯನ್ನು ಹೆಚ್ಚಿಸುವ ಔಷಧಗಳಿಗಾಗಿ ಹುಡುಕಾಟ ನಡೆದಿದೆ. ಬೆಳೆದು ನಿಂತ ಕೆಲವು ಅರ್ಬುದಗಳು ತಮ್ಮ ಉಳಿವಿಗೆ ಸ್ವಭಕ್ಷಣೆಯನ್ನೇ ಆಶ್ರಯಿಸುವುದರಿಂದ ಅಲ್ಲಿ ಅದನ್ನು ತಡೆಯುವ ಪ್ರಯತ್ನಗಳು ನಡೆದಿವೆ. ಒಂದೆಡೆ ಬೇಕಾದುದು ಇನ್ನೊಂದೆಡೆ ಬೇಡವಾಗುತ್ತದೆ. ಚುಕ್ಕೆಗಳನ್ನು ತಪ್ಪಾಗಿ ಓದಿದವನು, ತಡೆಯುವ ಔಷಧವನ್ನು ಹೆಚ್ಚಿಸುವ ಔಷಧವೆಂದು ಸಾರಿ, ರೋಗಿಗೆ ಬೇಕಾದುದಕ್ಕೆ ತದ್ವಿರುದ್ಧವಾದುದನ್ನು ಕೊಡಿಸುವ ದಾರಿಯನ್ನು ತೆರೆದಂತಾಗುತ್ತದೆ.

ಸಾಮಾನ್ಯ ಜನರಿಗೂ ಇದರಲ್ಲಿ ಎಚ್ಚರಿಕೆಯಿದೆ. ೨೦೧೬ರ ಪಾರಿತೋಷಕದ ಅನಂತರ, ಇಂತಿಷ್ಟು ಗಂಟೆ ಉಪವಾಸವಿದ್ದರೆ ಸ್ವಭಕ್ಷಣೆ ಆರಂಭವಾಗಿ ಸಕಲ ರೋಗಗಳೂ ಪರಿಹಾರವಾಗುವುವೆಂಬ ಮಾತು ಎಲ್ಲೆಡೆ ಹರಡಿದೆ. ಪಾರಿತೋಷಕ ದೊರೆತದ್ದು ಮುಖ್ಯವಾಗಿ ಯೀಸ್ಟಿನಲ್ಲಿ ಕಂಡ ಕ್ರಿಯಾವಿಧಾನಕ್ಕೆ. ಮನುಷ್ಯನ ಉಪವಾಸಕ್ಕೆ ಗಂಟೆಗಳ ಲೆಕ್ಕವನ್ನು ಅದು ಕೊಟ್ಟಿಲ್ಲ. ಮಿಜುಶಿಮಾ ಮತ್ತು ಸಂಗಡಿಗರು ದೇಹದಲ್ಲೆಲ್ಲ ಹಸಿರು ಅಂಕಿತದ ಎಲ್‌ಸಿ-೩ ಇರುವ ಇಲಿಗಳನ್ನು ಸೃಷ್ಟಿಸಿ, ೨೦೦೪ರಲ್ಲಿ ಅವುಗಳ ಅಂಗಾಂಗಗಳನ್ನು ಪರೀಕ್ಷಿಸಿದರು. ಒಂದು ದಿನದ ಉಪವಾಸದಲ್ಲಿ ಹೆಚ್ಚಿನ ಅಂಗಗಳಲ್ಲಿ ಚುಕ್ಕೆಗಳು ಹೆಚ್ಚಿದವು. ಮೆದುಳಿನಲ್ಲಾದರೋ ಎರಡು ದಿನ ಕಳೆದರೂ ಹೆಚ್ಚಲಿಲ್ಲ. ಒಂದೇ ದೇಹದ ಅಂಗಗಳೇ ಹೀಗೆ ಭಿನ್ನವಾಗಿ ವರ್ತಿಸುವಾಗ, ಇಲಿಯ ಲೆಕ್ಕವನ್ನು ಮನುಷ್ಯನಿಗೆ ಅನ್ವಯಿಸುವುದು ಯುಕ್ತವಲ್ಲ. ಉಪವಾಸವನ್ನು ಆಚರಿಸುವವರಿಗೆ ಅವರವರ ಕಾರಣಗಳಿರುತ್ತವೆ. ಆ ಆಚರಣೆಗೆ ಈ ಹಸಿರು ಚುಕ್ಕೆಗಳ ಪ್ರಮಾಣಪತ್ರ ಬೇಕಾಗಿಲ್ಲ. ಮಧುಮೇಹಕ್ಕೆ ಔಷಧ ಸೇವಿಸುತ್ತಿರುವವರು ಇಂತಹ ಮಾತುಗಳನ್ನು ನಂಬಿ, ವೈದ್ಯರನ್ನು ಕೇಳದೆ ದೀರ್ಘ ಉಪವಾಸ ಮಾಡುವುದು ಅಪಾಯಕರ.

ಪ್ಲಾಸ್ಮಿಡ್ಡುಗಳ ಇನ್ನೊಂದು ಗುಣವನ್ನು ಹೇಳದಿದ್ದರೆ ವಿಷಯ ಪೂರ್ಣವಾಗುವುದಿಲ್ಲ. ಹಸ್ತಪ್ರತಿಯಂತೆ ಇದೂ ಒಬ್ಬರಿಂದ ಒಬ್ಬರಿಗೆ ಪ್ರತಿಯಾಗಿ ಸಾಗುವ ವಸ್ತು. ಅಮೆರಿಕೆಯಲ್ಲಿ ೨೦೦೪ರಲ್ಲಿ ಆರಂಭವಾದ ಆಡ್‌ಜೀನ್ ಎಂಬ ಲಾಭೋದ್ದೇಶವಿಲ್ಲದ ಸಂಸ್ಥೆ ವಿಜ್ಞಾನಿಗಳು ಒಪ್ಪಿಸಿದ ಪ್ಲಾಸ್ಮಿಡ್ಡುಗಳನ್ನು ಸಂಗ್ರಹಿಸಿಟ್ಟು, ಕೇಳಿದ ಸಂಶೋಧಕರಿಗೆ ಕಳುಹಿಸುತ್ತದೆ. ಎಲ್‌ಸಿ-೩ರ ಪ್ಲಾಸ್ಮಿಡ್ಡುಗಳೂ ಅಲ್ಲಿವೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿಯೂ ಸ್ವಭಕ್ಷಣೆಯ ಅಧ್ಯಯನ ನಡೆದಿದೆ. ಪ್ರತಿಮಾಡುವಾಗ ಅಕ್ಷರಲೋಪವಾಗಬಹುದಾದುದರಿಂದ, ಬಂದ ಪ್ಲಾಸ್ಮಿಡ್ಡಿನ ಅಕ್ಷರಕ್ರಮವನ್ನು ಓದಿ, ಮೂಲದೊಡನೆ ತಾಳೆನೋಡಿಯೇ ಬಳಸುವುದು ಪ್ರಾಮಾಣಿಕ ಸಂಶೋಧಕರ ಪದ್ಧತಿ.

ಕಣ್ಣಿಗೆ ಕಾಣದಿದ್ದ ಕ್ರಿಯೆಯೊಂದು ಲೋಳೆಮೀನಿನ ಬೆಳಕಿನಿಂದ ಕಾಣುವಂತಾದುದು ದೊಡ್ಡ ಸಾಧನೆಯೇ ಸರಿ. ಕಂಡುದು ಕ್ರಿಯೆಯೋ ಅದರ ತಡೆಯೋ, ನಿಜವಾದ ಚೀಲವೋ ಬರಿಯ ಗಂಟೋ ಎಂದು ಕೇಳುವ ಅಭ್ಯಾಸ ಅದರೊಡನೆ ಬೆಳೆದುಬಂದುದು ಇನ್ನೂ ದೊಡ್ಡದು. ಅಂಕಿತವನ್ನು ಎಲ್ಲಿ ಇಡಬೇಕೆಂಬುದನ್ನು ಪ್ರೋಟೀನಿನ ಸ್ವಭಾವ ನಿರ್ಧರಿಸುತ್ತದೆ. ಅದನ್ನು ಹೇಗೆ ಓದಬೇಕೆಂಬುದನ್ನು ಮಾತ್ರ ಓದುವವನ ವಿವೇಕವೇ ನಿರ್ಧರಿಸಬೇಕು.